ಅರವತ್ತೊಂದಕ್ಕೆ ಫಸ್ಟ್ ಕ್ಲಾಸ್

ಆಗಸ್ಟ್ 14, ಬುಧವಾರ

ಹನ್ನೊಂದು ವರ್ಷ ಮನೆಯಲ್ಲಿ ಕೂತಿದ್ದವಳು ಇವತ್ತು ಮತ್ತೆ ಪಾಠ ಮಾಡಿದೆ. ನಂಜನಗೂಡಿನ ಪಿಯು ಕಾಲೇಜಿನಲ್ಲಿ ಚಾಕ್‌ಪೀಸು, ಟೆಕ್ಸಸ್‌ನಲ್ಲಿ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನ ಹೈಸ್ಕೂಲಿನಲ್ಲಿ ಮಾರ್ಕರ್. ಕೆಮಿಸ್ಟ್ರಿ ಅದೇ. ಗಂಡ ಗಿರಿಧರನ ವೀಸಾದ ಬಾಲ ಹಿಡಿದು ಬಂದವಳಿಗೆ ಇಲ್ಲಿ ದುಡಿಯುವ ಹಾಗಿರಲಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಟೀಚರ್ ಪರೀಕ್ಷೆಗಳನ್ನೆಲ್ಲ ಬರೆದು ಕೊನೆಗೂ ಒಂದು ಕೆಲಸ ಸಿಕ್ಕಿದೆ, ಅದೂ ತಾತ್ಕಾಲಿಕ. ನನ್ನನ್ನೇ ಖಾಯಂ ಮಾಡುವುದೋ ಬೇರೆಯವರನ್ನು ತರುವುದೋ ಎಂದು ಅಕ್ಟೋಬರಿನಲ್ಲಿ ಪ್ರಿನ್ಸಿಪಾಲ್ ಮಿಸೆಸ್ ಓರ್ಟೆಗಾ ತೀರ್ಮಾನಿಸುತ್ತಾರಂತೆ. ಈ ಕೆಲಸ ನನಗೆ ಬೇಕು. ಬಾಯಿಬಿಟ್ಟು ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಬೇಕು. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮಗಳು ತನುಶ್ರೀ ಅದೇ ಸ್ಕೂಲಿನಲ್ಲಿ ಹತ್ತನೇ ಕ್ಲಾಸು, ಪುಣ್ಯಕ್ಕೆ ಬೇರೆ ಟೀಚರ್ ಹತ್ತಿರ. ಬೆಳಿಗ್ಗೆ ಕಾರಿನಲ್ಲೇ ಷರತ್ತು ಹಾಕಿದಳು, ಎಂದಿನಂತೆ ಇಂಗ್ಲಿಷಿನಲ್ಲಿ. ಎದುರಿಗೆ ಸಿಕ್ಕರೆ ಮಾತಾಡಿಸಬಾರದು, ಕೈ ಬೀಸಬಾರದು, "ಪುಟ್ಟಾ" ಎಂದಂತೂ ಕರೆಯಲೇಬಾರದು. ಆಗಲಿ ತಾಯಿ ಅಂದೆ.

ಮೊದಲ ಪಾಠ, ದ್ರವ್ಯ. "ಬರೆದುಕೊಳ್ಳಿ" ಎಂದು ಡೆಫಿನಿಶನ್ ಹೇಳತೊಡಗಿದೆ. ಯಾರೂ ಪೆನ್ನೇ ಎತ್ತಲಿಲ್ಲ. ಎರಡು ಸಲ ಹೇಳಿದ ಮೇಲೆ ಒಬ್ಬಳು ಕೈಯೆತ್ತಿ, "ಮಿಸ್, ಇದು ಸ್ಲೈಡಿನಲ್ಲಿ ಇಲ್ವಾ?" ಎಂದು ಕೇಳಿದಳು. ಶಿಸ್ತು ಎಂಬುದನ್ನು ಇವರಿಗೆ ಮೊದಲಿನಿಂದ ಕಲಿಸಬೇಕು.

ಆಗಸ್ಟ್ 29

ನನ್ನ ಹೆಸರು ಮಿಸ್ ಪಿ ಆಗಿದೆ. ಪದ್ಮಿನಿ ಎಂದು ಹೇಳಲು ಮೂರೇ ಅಕ್ಷರ. ಅಷ್ಟಕ್ಕೂ ಸೋಮಾರಿತನ.

ಹಿಂದಿನ ಬೆಂಚಿನಲ್ಲಿ ಕೋಲ್ಟನ್ ಎಂಬವನಿದ್ದಾನೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿಯ ಫುಟ್‌ಬಾಲ್ ಟೀಮಿನವನು, ಆಳು ನಮ್ಮ ಮನೆಯ ಫ್ರಿಜ್ಜಿನಷ್ಟಿದ್ದಾನೆ. ಡೆಸ್ಕಿನೊಳಗೆ ಕಾಲು ತೂರಿಸುವುದೇ ಅವನಿಗೊಂದು ಸಾಹಸ. ನಾನು ಡೆಫಿನಿಶನ್ ಹೇಳುವಾಗ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾನೆ. ನಂಜನಗೂಡಿನಲ್ಲಿ ಆಗಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಇಲ್ಲಿ ಹೊರಗೆ ನಿಲ್ಲಿಸಿದರೆ ನನ್ನನ್ನೇ ಹೊರಗೆ ನಿಲ್ಲಿಸಬಹುದು.

ಸೆಪ್ಟೆಂಬರ್ 20, ಶುಕ್ರವಾರ

ಮೊದಲ ಆರು ವಾರದ ಅಂಕಗಳನ್ನು ಕಂಪ್ಯೂಟರಿಗೆ ತುಂಬಿಸಿ ಮುಗಿಸಿದೆ. ಕ್ಲಾಸಿನ ಸರಾಸರಿ ಅರವತ್ತಾರು. ನನಗೇ ಹೆಮ್ಮೆ ಎನಿಸಿತು. ಪುಸ್ತಕದ ಮಾತಿನಲ್ಲಿ ಬರೆಯದ ಉತ್ತರಗಳಿಗೆ ಅರ್ಧ ಅಂಕ ಮುಲಾಜಿಲ್ಲದೆ ಕಡಿದಿದ್ದೇನೆ, ಆದರೂ ಇಷ್ಟು ಬಂದಿದೆ.

ಆ ಕೋಲ್ಟನ್‌ಗೆ ಅರವತ್ತೊಂದು. ನಂಬಲಾಗಲಿಲ್ಲ, ಇನ್ನೊಮ್ಮೆ ಕೂಡಿಸಿ ನೋಡಿದೆ. ಪೇಪರಿನ ಮೇಲೆ ದೊಡ್ಡದಾಗಿ ‘ಫಸ್ಟ್ ಕ್ಲಾಸ್! ಶಭಾಷ್!’ ಎಂದು ಇಂಗ್ಲಿಷಿನಲ್ಲಿ ಬರೆದು ನಗುವ ಮುಖವನ್ನೂ ಬಿಡಿಸಿಕೊಟ್ಟೆ. ಅವನು ಪೇಪರನ್ನೂ ನನ್ನನ್ನೂ ನೋಡುತ್ತ ಎಷ್ಟೋ ಹೊತ್ತು ಕೂತಿದ್ದ. ಯಾರಾದರೂ ಹೊಗಳಿ ಎಷ್ಟು ವರ್ಷವಾಗಿತ್ತೋ ಪಾಪ.

ಕಂಪ್ಯೂಟರಿನಲ್ಲಿ ಅರ್ಧ ಕ್ಲಾಸಿನ ಹೆಸರು ಕೆಂಪಗೆ ಕಾಣುತ್ತದೆ. ಏಕೋ ಗೊತ್ತಿಲ್ಲ.

ಸೆಪ್ಟೆಂಬರ್ 23, ಸೋಮವಾರ

ಏಕೆಂದು ಗೊತ್ತಾಯಿತು.

ಬೆಳಿಗ್ಗೆ ಬಾಗಿಲು ತೆರೆಯುವುದರೊಳಗೆ ಫುಟ್‌ಬಾಲ್ ಕೋಚ್ ಬ್ರೆನ್ನನ್ ನಿಂತಿದ್ದರು. ಅವರ ಹಿಂದೆ ಬ್ಯಾಂಡ್ ಮಾಸ್ಟರು, ಅವರ ಹಿಂದೆ ವಾಲಿಬಾಲ್ ಮೇಡಮ್ಮು. ರೇಷನ್ ಅಂಗಡಿಯ ಸಾಲಿನಂತೆ ನಿಂತಿದ್ದರು.

"ಮಿಸ್ ಪಿ, ಕೋಲ್ಟನ್ ನನ್ನ ಸೆಂಟರ್. ಪ್ರತಿ ಆಟದಲ್ಲೂ ಚೆಂಡು ಮೊದಲು ಅವನ ಕೈಯಿಂದಲೇ ಹೋಗಬೇಕು. ಅವನನ್ನ ಫೇಲ್ ಮಾಡಿದ್ದೀರಲ್ಲ?"

"ಫೇಲಾ? ಅರವತ್ತೊಂದು ಕೊಟ್ಟಿದ್ದೀನಿ. ಒಳ್ಳೆ ಅಂಕ."

ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ಮ್ಯಾಮ್, ಇಲ್ಲಿ ಎಪ್ಪತ್ತಕ್ಕಿಂತ ಕಡಿಮೆ ಬಂದರೆ ಫೇಲು. ಫೇಲಾದವರು ಆಡೋ ಹಾಗಿಲ್ಲ. ಬ್ಯಾಂಡೂ ಬಾರಿಸೋ ಹಾಗಿಲ್ಲ. ಟೆಕ್ಸಸ್‌ನ ಕಾನೂನು ಅದು."

ಮೂವತ್ತೈದಕ್ಕೆ ಪಾಸು, ಅರವತ್ತಕ್ಕೆ ಫಸ್ಟ್ ಕ್ಲಾಸು, ಇದು ನನ್ನ ರಕ್ತದಲ್ಲಿದೆ. ಎಪ್ಪತ್ತು ಎಂದು ಆಗಸ್ಟಿನ ಟ್ರೈನಿಂಗಿನಲ್ಲಿ ಹೇಳಿರಲೇಬೇಕು. ನಾನು ಆಗ ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ಬರೆದುಕೊಳ್ಳುತ್ತಿದ್ದೆನೋ ಏನೋ. ಫೇಲಾದ ಮಗುವಿಗೆ ಶಭಾಷ್ ಎಂದು ಬರೆದು ನಗುವ ಮುಖ ಬಿಡಿಸಿಕೊಟ್ಟಿದ್ದೇನೆ. ಗೇಲಿ ಮಾಡುತ್ತಿದ್ದೇನೆ ಎಂದುಕೊಂಡಿರುತ್ತಾನೆ.

ಸಂಜೆ ತನುಶ್ರೀ ನಕ್ಕು ನಕ್ಕು ಸೋಫಾದಿಂದ ಕೆಳಗೆ ಜಾರಿದಳು. "ಅಮ್ಮಾ, ನನ್ನ ರಿಪೋರ್ಟ್ ಕಾರ್ಡ್ ನೋಡೇ ಇಲ್ವಾ ನೀನು?"

"ನಿನಗೆ ತೊಂಬತ್ತರ ಕೆಳಗೆ ಬಂದಿದ್ರೆ ತಾನೇ ಕೆಳಗೇನಿದೆ ಅಂತ ನೋಡೋದು?"

ಗಿರಿಧರ್ ಇಡೀ ದಿನ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷೆ ಮಾಡುವವನು. "ಇದು ಆಫ್‌ಸೆಟ್ ಎರರ್ ಕಣೇ, ಅಳತೆಯ ಸೊನ್ನೆಯೇ ಜರುಗಿದೆ. ಎಲ್ಲರಿಗೂ ಹದಿನೈದು ಕೂಡಿಸಿಬಿಡು, ಸರಿಹೋಗುತ್ತೆ" ಎಂದ.

ಕೂಡಿಸೋಣ ಎಂದೇ ಪೇಪರುಗಳನ್ನು ಮತ್ತೆ ತೆಗೆದೆ. ಆಮೇಲೆ ಮನಸ್ಸು ಬರಲಿಲ್ಲ. ಬಾಯಿಪಾಠ ಮಾಡಿದವರು ನನ್ನ ಮಾತನ್ನೇ ನನಗೆ ವಾಪಸು ಕೊಟ್ಟಿದ್ದಾರೆ. ಮಾಡದವರು ಏನೇನೋ ಗೀಚಿದ್ದಾರೆ. ಪರಮಾಣು ಎಂದರೇನೆಂದು ಇಬ್ಬರಿಗೂ ಗೊತ್ತಿಲ್ಲ.

ಸೆಪ್ಟೆಂಬರ್ 24

ಮಿಸೆಸ್ ಓರ್ಟೆಗಾ ಕರೆಸಿದ್ದರು. ಕೂಗಾಡಲಿಲ್ಲ, ಕಾಫಿ ಕೊಟ್ಟರು. ಕೂಗಾಡಿದ್ದರೇ ವಾಸಿಯಿತ್ತು. ನೂರಕ್ಕೂ ಹೆಚ್ಚು ತಂದೆತಾಯಿಯರ ಇಮೇಲ್ ಬಂದಿದೆಯಂತೆ. ಕೊಟ್ಟ ಅಂಕ ಕೊಟ್ಟಾಯಿತು. ಮೂರು ವಾರದ ನಂತರ ಮತ್ತೆ ಅಂಕ ನೋಡುತ್ತಾರೆ, ಆಗ ಎಪ್ಪತ್ತು ಮುಟ್ಟಿದವರು ಹಳೆಯ ವಿದ್ಯಾರ್ಥಿಗಳೂ ಬಂದು ಸೇರುವ, ವರ್ಷದ ದೊಡ್ಡ ಹೋಮ್‌ಕಮಿಂಗ್ ಆಟಕ್ಕೆ ಇಳಿಯಬಹುದು.

"ಈ ಮೂರು ವಾರ ನೀವು ಏನು ಮಾಡ್ತೀರೋ ನೋಡ್ತೀನಿ" ಎಂದರು. ನನ್ನ ಕೆಲಸದ ತೀರ್ಮಾನವೂ ಅದರಲ್ಲೇ ಇದೆ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸ್ಕೂಲು ಶುರುವಾಗುವ ಮುಂಚೆ ದಿನಾ ಬೆಳಿಗ್ಗೆ ಸ್ಪೆಷಲ್ ಕ್ಲಾಸ್ ಇಡುತ್ತೇನೆ ಎಂದುಬಿಟ್ಟೆ. ಮನೆಗೆ ಬಂದು ಯೋಚಿಸಿದರೆ, ಇನ್ನು ತಿಂಡಿ ಮಾಡುವವರು ಯಾರು?

ಸೆಪ್ಟೆಂಬರ್ 26

ಗಿರಿಧರ್ ಉಪ್ಪಿಟ್ಟು ಮಾಡಿದ. ಉಪ್ಪು ಮರೆತಿದ್ದ, ಹೆಸರಿನಲ್ಲೇ ಇದ್ದರೂ.

ಕ್ಲಾಸಿಗೆ ಏಳೆಂಟು ಜನ ಬಂದರು. ಕೋಲ್ಟನ್ ಕೈಯಲ್ಲಿ ಫಾಯಿಲ್ ಸುತ್ತಿದ ಟಾಕೋ ರೊಟ್ಟಿಗಳ ರಾಶಿ. ತಿನ್ನಬಾರದು ಎನ್ನಲು ಬಾಯಿ ತೆರೆದೆ, ಅವನು ಒಂದನ್ನು ನನಗೆ ಚಾಚಿದ. "ಆಲೂಗಡ್ಡೆದು, ಮ್ಯಾಮ್. ನೀವು ಮಾಂಸ ತಿನ್ನಲ್ಲ ಅಂತ ಯಾರೋ ಹೇಳಿದ್ರು." ತೆಗೆದುಕೊಂಡೆ.

ಡೆಫಿನಿಶನ್‌ಗಳನ್ನು ನಿಧಾನವಾಗಿ ಇನ್ನೊಮ್ಮೆ ಹೇಳಿದೆ. ಕಣ್ಣು ತೆರೆದು ಇನ್ನೊಮ್ಮೆ ನಿದ್ದೆ ಮಾಡಿದರು.

ಅಕ್ಟೋಬರ್ 1, ಮಂಗಳವಾರ

ಇವತ್ತು ಬೇಸರಕ್ಕೆ ಒಂದು ಮಾತು ಕೇಳಿದೆ. ಡೆಫಿನಿಶನ್ ಹೇಳಿ ಹೇಳಿ ಗಂಟಲು ಕಟ್ಟಿತ್ತು. ತಾಮ್ರದ ಒಂದೇ ಒಂದು ಪರಮಾಣು ಸಿಕ್ಕರೆ ನೋಡಲು ಹೇಗಿರುತ್ತದೆ?

"ತಾಮ್ರದ ಬಣ್ಣದ ಚಿಕ್ಕ ಚುಕ್ಕೆ. ಹೊಳೀತಿರುತ್ತೆ" ಎಂದ ಕೋಲ್ಟನ್. ಎಲ್ಲರೂ ತಲೆಯಾಡಿಸಿದರು.

ತಪ್ಪು ಎನ್ನಬೇಕು, ಅಷ್ಟರಲ್ಲಿ ಗಂಟಲು ಕೈಕೊಟ್ಟಿತು. ನೀರು ಕುಡಿಯುತ್ತ, ಯಾಕೆ ಹಾಗನ್ನಿಸುತ್ತೆ ಎಂದು ಕೈಸನ್ನೆ ಮಾಡಿದೆ.

"ತಾಮ್ರದ ತಂತಿ ಕತ್ತರಿಸಿದ್ರೆ ಎರಡು ಚೂರೂ ತಾಮ್ರದ ಬಣ್ಣ. ಮತ್ತೆ ಕತ್ತರಿಸಿದ್ರೂ ಅದೇ ಬಣ್ಣ. ಕತ್ತರಿಸ್ತಾ ಹೋದ್ರೆ ಕೊನೇ ಚೂರು ಮಾತ್ರ ಯಾಕೆ ಬೇರೆ ಇರುತ್ತೆ?"

ಎಷ್ಟು ಚೆನ್ನಾದ ಯೋಚನೆ. ತಪ್ಪು, ಆದರೆ ಚೆನ್ನಾಗಿದೆ. ನಂಜನಗೂಡಿನಲ್ಲಿ ಏಳು ವರ್ಷ ಪಾಠ ಮಾಡಿದ್ದೇನೆ, ಒಬ್ಬರನ್ನೂ ಇದನ್ನು ಕೇಳಿರಲಿಲ್ಲ. ಅಲ್ಲಿಯ ಮಕ್ಕಳೂ ಹೊಳೆಯುವ ಚುಕ್ಕೆ ಎಂದೇ ನಂಬಿಕೊಂಡು ತೊಂಬತ್ತು ತೆಗೆದು ಹೋದರೋ ಏನೋ.

ಬಣ್ಣ ಒಂದು ಪರಮಾಣುವಿನದಲ್ಲ, ಗುಂಪಿನದು ಎಂದು ಹೇಗೆ ಹೇಳಲಿ? ಆಟದ ಮಧ್ಯೆ ನೀವೆಲ್ಲ ತಲೆಗೆ ತಲೆ ಸೇರಿಸಿ ನಿಲ್ಲುತ್ತೀರಲ್ಲ, ಅದಕ್ಕೆ ಏನನ್ನುತ್ತಾರೆ ಎಂದು ಕೇಳಿದೆ. ಹಡಲ್ ಅಂತೆ. "ಒಬ್ಬನೇ ಹಡಲ್ ಮಾಡೋಕಾಗುತ್ತಾ?"

ಅವನು ಟಾಕೋ ಕೆಳಗಿಟ್ಟ. "ಅಂದ್ರೆ ತಾಮ್ರದ ಬಣ್ಣ ಹಡಲ್ ಇದ್ದ ಹಾಗೆ. ಒಬ್ಬ ಇದ್ರೆ ಇಲ್ಲ."

ಒಂದು ಡೆಫಿನಿಶನ್ನನ್ನೂ ಬರೆಸಲಾಗಲಿಲ್ಲ. ದಿನ ವ್ಯರ್ಥ.

ಅಕ್ಟೋಬರ್ 4

ಇವತ್ತೂ ವ್ಯರ್ಥ. ನೀರು ಕುದಿಯುವಾಗ ಏಳುವ ಗುಳ್ಳೆಯೊಳಗೆ ಏನಿದೆ ಎಂದು ಇಡೀ ಕ್ಲಾಸು ಜಗಳ. ಗಾಳಿ ಅಂತ ಒಂದು ಪಕ್ಷ, ಹೈಡ್ರೋಜನ್ ಅಂತ ಒಂದು ಪಕ್ಷ. ಬರೀ ನೀರಿನ ಆವಿ ಎಂದು ಒಪ್ಪಿಸುವಷ್ಟರಲ್ಲಿ ಬೆಲ್ ಆಯಿತು. ಮಧ್ಯಾಹ್ನದ ಕ್ಲಾಸಿನವರು ನಮಗೂ ಆ ಗುಳ್ಳೆ ಜಗಳ ಬೇಕು ಎಂದರು.

ಮನೆಯಲ್ಲಿ ಗಿರಿಧರನನ್ನು ಕೇಳಿದೆ. ಎಂಟೆಕ್ ಆದವನು, "ಆಕ್ಸಿಜನ್ ಅಲ್ವಾ?" ಎಂದ.

ಅಕ್ಟೋಬರ್ 11, ಶುಕ್ರವಾರ

ಮೂರು ವಾರದ ಟೆಸ್ಟ್ ಆಯಿತು. ಬ್ಯಾಂಡಿನವರು, ವಾಲಿಬಾಲಿನವರು ಆರಾಮಾಗಿ ದಾಟಿದರು. ಉಳಿದವನು ಕೋಲ್ಟನ್ ಒಬ್ಬ. ಐಸೊಟೋಪ್ ಎಂದರೇನು ಎಂಬ ಪ್ರಶ್ನೆಗೆ ಅವನ ಉತ್ತರವನ್ನು ಕನ್ನಡದಲ್ಲಿ ಬರೆದಿಡುತ್ತೇನೆ:

‘ಪ್ರೋಟಾನ್ ಅಂದರೆ ಜೆರ್ಸಿ ನಂಬರ್. ನನ್ನದು 55. ಬೇಸಿಗೆಯಲ್ಲಿ ನಾನು ತೂಕ ಏರಿಸಿಕೊಂಡೆ. ಆದರೂ ನಾನು 55 ನಂಬರಿನವನೇ, ಬೇರೆ ಆಟಗಾರರ ಜೊತೆ ಆಡುವ ರೀತಿಯೂ ಅದೇ. ಏರಿದ ತೂಕ ನ್ಯೂಟ್ರಾನ್. ನಂಬರ್ ಬದಲಾದರೆ ಮಾತ್ರ ಅವನು ಬೇರೆ ಆಟಗಾರ.’

ಪುಸ್ತಕದ ಒಂದು ಪದವೂ ಇದರಲ್ಲಿ ಇಲ್ಲ. ಮೊದಲಾಗಿದ್ದರೆ ಹತ್ತಕ್ಕೆ ಐದು. ಪೂರ್ತಿ ಹತ್ತು ಕೊಟ್ಟೆ. ಸಾಂದ್ರತೆಯ ಲೆಕ್ಕಗಳಲ್ಲಿ ಯೂನಿಟ್ ಬರೆದಿಲ್ಲ, ಉತ್ತರ ಸರಿಯಿದೆ, ಹೋಗಲಿ ಎಂದು ಬಿಟ್ಟೆ. ಒಟ್ಟು ಎಪ್ಪತ್ತೆರಡು.

ಪಾಸಾದ. ಕೋಚ್ ಖುಷಿ, ಮಿಸೆಸ್ ಓರ್ಟೆಗಾ ಖುಷಿ, ನನ್ನ ಕೆಲಸ ಭದ್ರ. ಆದರೆ ಆ ಹತ್ತು ಅಂಕ ಉತ್ತರ ಸರಿಯಿದ್ದದ್ದಕ್ಕೆ ಕೊಟ್ಟೆನೋ, ಕೆಲಸ ಹೋಗುತ್ತದೆಂದು ಹೆದರಿ ಕೊಟ್ಟೆನೋ, ನನಗೇ ಗೊತ್ತಾಗುತ್ತಿಲ್ಲ.

ಅಕ್ಟೋಬರ್ 13, ಭಾನುವಾರ

ನಿನ್ನೆ ವಿಜಯದಶಮಿಗೆ ಹೂಸ್ಟನ್ ಪಕ್ಕದ ಕೇಟಿ ಊರಿನ ರಾಜಲಕ್ಷ್ಮಿ ಆಂಟಿ ಮನೆಗೆ ಹೋಗಿದ್ದೆವು. ಗೊಂಬೆಗಳನ್ನು ಮೂರು ಕಡೆಯಿಂದ ಫೋಟೊ ತೆಗೆದದ್ದಾಯಿತು, ತನುಶ್ರೀ ಒಂದು ಹಾಡು ಹೇಳಿದ್ದಾಯಿತು. ಆಂಟಿಯ ಯಜಮಾನರು ನಂಜುಂಡಸ್ವಾಮಿ ಅಂಕಲ್ ಕೆಮಿಕಲ್ ಎಂಜಿನಿಯರ್. ಹೂಸ್ಟನ್ನಿನ ಪ್ಲಾಂಟುಗಳಲ್ಲೇ ದುಡಿದು ರಿಟೈರ್ ಆದವರು. ಕೋಲ್ಟನ್‌ನ ಪೇಪರಿನ ಒಂದು ಪ್ರತಿ ತಂದಿದ್ದೆ, ಹೆಸರು, ಅಂಕ ಎರಡೂ ಇಲ್ಲದ್ದು. ಅದನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ.

ಅಂಕಲ್ ಕನ್ನಡಕ ಹಾಕಿಕೊಂಡು ಜೆರ್ಸಿ ಉತ್ತರವನ್ನು ಎರಡು ಸಲ ಓದಿದರು. "ಇದಕ್ಕೆ ಹತ್ತು ಕೊಡೋಕೆ ಏನಮ್ಮ ಹೆದರಿಕೆ? ಇವನಿಗೆ ಅರ್ಥ ಆಗಿದೆ. ನನ್ನ ಕೆಳಗೆ ಕೆಲಸ ಮಾಡೋಕೆ ಬಂದ ಎಷ್ಟೋ ಡಿಗ್ರಿಯವರಿಗೆ ಆಗಿರ್ಲಿಲ್ಲ."

ನನಗೆ ಎಷ್ಟು ಹಗುರವಾಯಿತೆಂದರೆ ಇನ್ನೊಂದು ಕೋಡುಬಳೆ ಕೈಗೆತ್ತಿಕೊಂಡೆ.

"ಇದೇನು, ಎರಡೂವರೆ?" ಎಂದರು ಪುಟ ತಿರುಗಿಸಿ. "ಎರಡೂವರೆ ಏನು? ಎರಡೂವರೆ ಕೋಡುಬಳೇನಾ?"

"ಯೂನಿಟ್ ಮರೆತಿದ್ದಾನೆ ಅಂಕಲ್. ಲೆಕ್ಕ ಸರಿ ಇದೆಯಲ್ಲ."

"ಬೇರೆ ಮಕ್ಕಳೂ ಮರೆತಿರ್ತಾರಲ್ಲ. ಅವರಿಗೆ?"

ಕೋಡುಬಳೆ ಬಾಯಲ್ಲೇ ಉಳಿಯಿತು. ಬೇರೆ ಮಕ್ಕಳಿಗೆ ಕಡಿದಿದ್ದೆ. ಒಂದು ಲೆಕ್ಕಕ್ಕೆ ಎರಡರಂತೆ, ಯೋಚನೆಯೇ ಮಾಡದೆ ಕಡಿದಿದ್ದೆ. ಇವನಿಗೆ ಮಾತ್ರ ಹೋಗಲಿ ಎಂದಿದ್ದೆ. ಎರಡು ಲೆಕ್ಕಕ್ಕೆ ನಾಲ್ಕು ಹೋದರೆ ಅರವತ್ತೆಂಟು.

"ಹತ್ತು ಕೊಟ್ಟಿದ್ದು ಸರಿ. ನಾಲ್ಕು ಬಿಟ್ಟಿದ್ದು ಹೆದರಿಕೆ" ಎಂದು ಅಂಕಲ್ ಪೇಪರ್ ವಾಪಸು ಕೊಟ್ಟರು.

ಆಂಟಿಗೆ ಸಿಟ್ಟು ಬಂತು. "ಸುಮ್ನಿರಿ ನೀವು. ಪಾಪ ಆ ಮಗು ಆಡ್ಕೊಳ್ಳಲಿ ಬಿಡೆ ಪದ್ಮಿನಿ. ಎರಡು ಮಾರ್ಕ್ಸಿಗೆ ಯಾರ ಮನೆ ಮುಳುಗುತ್ತೆ?"

ನನ್ನದೇ ಮುಳುಗುತ್ತದೆ ಆಂಟಿ ಅನ್ನಲಿಲ್ಲ. ಕಾರಿನಲ್ಲಿ ವಾಪಸು ಬರುತ್ತ ಆಸ್ಟಿನ್ ಹತ್ತಿರವಾದಾಗ ಗಿರಿಧರ್, "ಕೆಲಸ ಹೋದ್ರೆ ಬೇರೆ ಸ್ಕೂಲ್ ಇಲ್ವಾ" ಎಂದ. ಇದೆ. ಆದರೆ ನನಗೆ ಇದೇ ಬೇಕು.

ಅಕ್ಟೋಬರ್ 15, ಮಂಗಳವಾರ

ಹೇಳಿದೆ. ಬೆಳಿಗ್ಗೆಯ ಕ್ಲಾಸಿಗೆ ಕೋಲ್ಟನ್ ಎಲ್ಲರಿಗಿಂತ ಮುಂಚೆ ಬಂದಿದ್ದ. ಪೇಪರ್ ತೋರಿಸಿದೆ. ಜೆರ್ಸಿ ಉತ್ತರದ ಹತ್ತನ್ನು ಬೆರಳಿಟ್ಟು ಮುಟ್ಟಿ ನೋಡಿದ. ಆಮೇಲೆ ಕೆಳಗಿನ ಅರವತ್ತೆಂಟನ್ನು ನೋಡಿದ.

"ಯೂನಿಟ್?"

"ಯೂನಿಟ್. ಎಲ್ಲರಿಗೂ ಕಟ್ ಮಾಡಿದ್ದೀನಿ ಕೋಲ್ಟನ್."

"ಓಕೆ, ಮ್ಯಾಮ್" ಎಂದು ಎದ್ದು ಹೋದ. ಟಾಕೋ ಮೇಜಿನ ಮೇಲೇ ಇತ್ತು. ಕೋಚ್ ಎದುರಿಗೆ ಸಿಕ್ಕವರು ಮುಖ ತಿರುಗಿಸಿದರು. ಮಿಸೆಸ್ ಓರ್ಟೆಗಾ ಫೋನಿನಲ್ಲಿ, "ನಿಮಗೆ ಖಾತ್ರಿ ಇದೆಯಾ?" ಎಂದಷ್ಟೇ ಕೇಳಿದರು. ಇದೆ ಎಂದೆ.

ಆಮೇಲೆ ಟೀಚರ್ಸ್ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಅಕ್ಟೋಬರ್ 16

ಕೋಲ್ಟನ್ ಬರಲಿಲ್ಲ.

ಅಕ್ಟೋಬರ್ 19, ಶನಿವಾರ

ನಿನ್ನೆ ಹೋಮ್‌ಕಮಿಂಗ್. ಹೋಗಬಾರದೆಂದಿದ್ದೆ, ತನುಶ್ರೀ ಎಳೆದುಕೊಂಡು ಹೋದಳು. ಹುಡುಗಿಯರೆಲ್ಲ ಎದೆಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಸೇವಂತಿಗೆ, ಅದರಿಂದ ನೆಲದವರೆಗೆ ರಿಬ್ಬನ್ನು, ಗೆಜ್ಜೆ ಕಟ್ಟಿಕೊಂಡಿದ್ದರು. ಹುಡುಗರು ಕೊಡುವುದಂತೆ. ನಮ್ಮವಳಿಗೂ ಒಂದಿತ್ತು. ಯಾರು ಕೊಟ್ಟರು ಎಂದು ಕೇಳಬಾರದಂತೆ.

ಕೋಲ್ಟನ್ 55ರ ಜೆರ್ಸಿ ತೊಟ್ಟು, ಹೆಲ್ಮೆಟ್ ಇಲ್ಲದೆ, ಅಂಚಿನಲ್ಲಿ ನಿಂತು ಉಳಿದವರಿಗೆ ನೀರು ಕೊಡುತ್ತಿದ್ದ. ನೋಡಲಾಗಲಿಲ್ಲ. ಅವನ ಜಾಗದಲ್ಲಿದ್ದ ಹುಡುಗ ಚೆಂಡನ್ನು ಎರಡು ಸಲ ನೆಲಕ್ಕೆ ಬಿಟ್ಟ. ಸೋತೆವು.

ಮೆಟ್ಟಿಲಿಳಿಯುವಾಗ ಒಬ್ಬ ಹೆಂಗಸು ಅಡ್ಡ ನಿಂತರು. ಕೋಲ್ಟನ್‌ನ ತಾಯಿ, ಡಾನಾ. ಎರಡು ಮಾತು ಬೈಸಿಕೊಳ್ಳಲು ತಯಾರಾದೆ.

"ಅವನು ಊಟದ ಹೊತ್ತಿಗೆ ಬಾಯಿ ತೆರೆಯೋದು ತಿನ್ನೋಕೆ ಮಾತ್ರ" ಎಂದರು. "ಈ ವಾರ ತಂಗಿಗೆ ಐಸೊಟೋಪ್ ಹೇಳಿಕೊಡ್ತಾ ಇದ್ದ. ಅವನು ಯಾರಿಗಾದರೂ ಏನಾದರೂ ಹೇಳಿಕೊಟ್ಟಿದ್ದು ನಾನು ಇದುವರೆಗೆ ನೋಡಿರಲಿಲ್ಲ." ಸ್ವಲ್ಪ ತಡೆದು, "ಆದರೂ ನಿಮ್ಮ ಮೇಲೆ ನನಗೆ ಕೋಪ ಇದೆ" ಎಂದರು.

"ಇರಲಿ" ಎಂದೆ.

ಅಕ್ಟೋಬರ್ 22, ಮಂಗಳವಾರ

ಎಷ್ಟು ಬರೆದರೂ ಇವತ್ತಿನದು ಮುಗಿಯುವುದಿಲ್ಲ. ಮೂರು ವಾರದ ಕಟ್ಟುಪಾಡು ಮುಗಿದಿತ್ತು, ಯಾರೂ ಬರುವುದಿಲ್ಲ ಎಂದುಕೊಂಡೇ ಬೆಳಿಗ್ಗೆ ರೂಮು ತೆರೆದೆ. ಕೋಲ್ಟನ್ ಬಂದ. ಅವನ ಹಿಂದೆ ಅವನಷ್ಟೇ ಗಾತ್ರದ ನಾಲ್ಕು ಜನ. ಅವರು ನನ್ನ ಕ್ಲಾಸಿನವರೇ ಅಲ್ಲ. ಕೋಚ್ ಕಳಿಸಿದರಂತೆ. ಡೆಸ್ಕುಗಳು ಸಾಲಲಿಲ್ಲ, ಇಬ್ಬರು ನೆಲದ ಮೇಲೆ ಕೂತರು.

"ಮ್ಯಾಮ್, ಒಂದು ಡೌಟು" ಎಂದ ಕೋಲ್ಟನ್. ಹೋದ ವಾರವೆಲ್ಲ ಕೋಪದಲ್ಲಿದ್ದನಂತೆ, ಆದರೂ ಡೌಟು ತಲೆಯಿಂದ ಹೋಗಲಿಲ್ಲವಂತೆ. "ಐಸೊಟೋಪ್‌ಗಳ ನಂಬರ್ ಒಂದೇ, ಆಡುವ ರೀತಿ ಒಂದೇ. ಹಾಗಿದ್ರೆ ಅವು ಬೇರೆ ಬೇರೆ ಅಂತ ಮೊದಲು ಯಾರಿಗಾದ್ರೂ ಹೇಗೆ ಗೊತ್ತಾಯ್ತು?"

ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. "ನೀನಾಗಿದ್ರೆ ಹೇಗೆ ಕಂಡುಹಿಡೀತಿದ್ದೆ?" ಎಂದೆ.

ಐದೂ ಜನ ಯೋಚಿಸಿದರು. ಒಬ್ಬ ತಕ್ಕಡಿ ಎಂದ, ಅಷ್ಟು ಚಿಕ್ಕದಕ್ಕೆ ತಕ್ಕಡಿ ಎಲ್ಲಿ ಎಂದು ಇನ್ನೊಬ್ಬ ಬೈದ. ಕೋಲ್ಟನ್ ಗೋಡೆ ನೋಡುತ್ತ ಕೂತವನು ನಿಧಾನವಾಗಿ ಹೇಳಿದ: "ಎಲ್ಲರನ್ನೂ ಜೋರಾಗಿ ಓಡಿಸಬೇಕು. ಆಮೇಲೆ ಒಂದೇ ಸಲ ತಿರುಗಿಸಬೇಕು. ಹಗುರ ಇರೋನು ಚಕ್ ಅಂತ ತಿರುಗ್ತಾನೆ. ನನ್ನಂಥೋನು ಅಗಲಕ್ಕೆ ಹೋಗಿ ಬೀಳ್ತಾನೆ. ಯಾರು ಎಲ್ಲಿ ಬಿದ್ರು ಅಂತ ನೋಡಿದ್ರೆ ತೂಕ ಗೊತ್ತಾಗುತ್ತೆ."

ನನ್ನ ಮೈ ಜುಮ್ಮೆಂದಿತು. ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಓಡಿಸಿ, ಅಯಸ್ಕಾಂತದಿಂದ ತಿರುಗಿಸಿ ಹಾಗೆಯೇ ತೂಗುವ ಯಂತ್ರ ನಿಜವಾಗಿಯೂ ಇದೆ, ನೂರು ವರ್ಷದಿಂದ ಇದೆ ಎಂದೆ. ಅವನಿಗೆ ಬೇಜಾರಾಯಿತು. "ನನ್ನ ಐಡಿಯಾ ಆಗಲೇ ಯಾರೋ ಹೊಡ್ಕೊಂಡಿದ್ದಾರೆ" ಎಂದ. ಬೆಲ್ ಆದರೂ ಯಾರೂ ಏಳಲಿಲ್ಲ. ನಾಳೆ ಪಾರ್ಕಿಂಗ್ ಲಾಟಿನಲ್ಲಿ ಐದೂ ಜನರನ್ನು ಓಡಿಸಿ, ತಿರುಗಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕುವುದೆಂದು ತೀರ್ಮಾನವಾಗಿದೆ. ತನುಶ್ರೀಯೂ ಬರುತ್ತಾಳಂತೆ. ಹಗುರವಾದ ಪರಮಾಣು ಬೇಕಲ್ಲ.

ಊಟ ಮುಗಿದು ಪಾತ್ರೆ ತೊಳೆಯುವಾಗ ಇನ್ನೊಂದು ವಿಷಯ ನೆನಪಾಗಿ ಗಿರಿಧರನಿಗೆ ಹೇಳಿದೆ. ಮಧ್ಯಾಹ್ನ ಮಿಸೆಸ್ ಓರ್ಟೆಗಾ ಕರೆದಿದ್ದರು, ಕೆಲಸ ಖಾಯಂ ಆಯಿತು. ಅವನು ಒರೆಸುತ್ತಿದ್ದ ತಟ್ಟೆ ಹಿಡಿದುಕೊಂಡು ಹಾಗೇ ನಿಂತ.

"ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಲ್ವೇನೆ? ಈಗ ಹೇಳ್ತಿದ್ದೀಯಾ?"

"ಕೋಲ್ಟನ್‌ದು ಮೊದಲು ಹೇಳ್ಬೇಕಿತ್ತಲ್ಲ" ಎಂದೆ.